ದೊಡ್ಡವರ ಗಂಟಲು

ಕ್ಷೌರದ ಕತ್ತಿ ಗಂಟಲಗುಳಿಯ ಹತ್ತಿರ ಬಂದಾಗ ಫೋನ್ ಬಡಿದುಕೊಂಡಿತು. "ಅಲ್ಲಾಡಬೇಡಿ ಚಿಕ್ಕವರೇ, ಒಂದೇ ನಿಮಿಷ" ಎಂದು ಕ್ಷೌರದವನು ನೊರೆ ಹತ್ತದ ಕಿರುಬೆರಳಿನಿಂದ ಗುಂಡಿ ಒತ್ತಿ, ಫೋನನ್ನು ಕನ್ನಡಿಯ ಮುಂದಿನ ಪೌಡರ್ ಡಬ್ಬಿಗೆ ಆನಿಸಿ ನಿಲ್ಲಿಸಿದ. ಫೋನು ಅವನ ಹೆಸರು ಹಿಡಿದು ಕರೆಯಿತು. ಹೇಗಿದ್ದೀರಪ್ಪಾ ಎಂದಿತು. ದಿನವಿಡೀ ನಿಂತು ಮಾಡುವ ಕೆಲಸ ನಿಮ್ಮದು, ಮೊಣಕಾಲು ನೋವು ಅಂದಿದ್ದಿರಿ, ಈಗ ಹೇಗಿದೆ ಎಂದಿತು. ಕತ್ತಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಪರವಾಗಿಲ್ಲ ದೊಡ್ಡವರೇ, ನಿಮ್ಮ ದಯೆ" ಎಂದು ಕ್ಷೌರದವನು ಕಾಣದ ಮನುಷ್ಯನ ಎದುರು ಸೊಂಟ ಬಗ್ಗಿಸಿದ. "ದಯೆ ಅಲ್ಲಪ್ಪಾ," ಎಂದಿತು ಫೋನು, ಒಂದು ಕ್ಷಣ ತಡೆಯಿತು, ಏನನ್ನೋ ನುಂಗಿಕೊಂಡ ಹಾಗೆ ಸಣ್ಣದೊಂದು ಗುಟುಕು ಕೇಳಿಸಿತು, "ಪ್ರೀತಿ." ಕುರ್ಚಿಯಲ್ಲಿ ಮುಖವನ್ನು ಸೂರಿಗೆ ಒಡ್ಡಿ ಕೂತಿದ್ದವನ ಗಂಟಲು ನೊರೆಯ ಕೆಳಗೆ ತನ್ನಷ್ಟಕ್ಕೆ ತಾನೇ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆ ಗುಟುಕು ಅವನದು.

ಊರೆಲ್ಲ ಆ ಮುಖಂಡರನ್ನು ದೊಡ್ಡವರು ಅನ್ನುತ್ತಿತ್ತು. ಅವರಂತೆಯೇ ಮಾತಾಡಿ ಜನರನ್ನು ನಗಿಸುತ್ತಿದ್ದ ಇವನಿಗೆ ಚಿಕ್ಕವರು ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಸಭೆಗಳಲ್ಲಿ ದೊಡ್ಡವರ ಕಾರು ಬರುವವರೆಗೆ ಜನ ಎದ್ದುಹೋಗದಂತೆ ಹಿಡಿದು ಕೂರಿಸುವುದು ಇವನ ಕೆಲಸ. ಕಾರು ಬಂದ ಸುದ್ದಿ ಕಿವಿಗೆ ಬೀಳುತ್ತಲೇ ಮೈಕು ಕೊಟ್ಟು ಹಿಂದಿನ ಮೆಟ್ಟಿಲಿಂದ ಇಳಿದುಬಿಡಬೇಕು. ದೊಡ್ಡವರು ವಾಕ್ಯದ ಕೊನೆಯ ಮಾತಿಗೆ ಮುಂಚೆ ಎಷ್ಟು ಹೊತ್ತು ನಿಲ್ಲುತ್ತಾರೆ, ಸಿಟ್ಟು ಬಂದಾಗ ದನಿ ಏರಿಸದೆ ಹೇಗೆ ಇಳಿಸುತ್ತಾರೆ, "ಏನಂತೀರಿ?" ಎನ್ನುವಾಗ ಮೂಗಿನಲ್ಲಿ ಎಷ್ಟು ಗಾಳಿ ಬಿಡುತ್ತಾರೆ, ಎಲ್ಲ ಅವನಿಗೆ ಗೊತ್ತಿತ್ತು. ಆದರೆ ದೊಡ್ಡವರು ಯಾವತ್ತೂ ಮಾತಿನ ಮಧ್ಯೆ ಹಾಗೆ ಗುಟುಕು ನುಂಗಿದವರಲ್ಲ. ಅದು ಇವನ ಹುಟ್ಟುಗುಣ. ಮನಸ್ಸಿನಲ್ಲಿದ್ದ ಅಕ್ಕರೆಯ ಮಾತು ಬಾಯಿಗೆ ಬರುವಾಗ ನಾಚಿಕೆಯೋ ಭಯವೋ ಅಡ್ಡ ಬಂದು ಗಂಟಲು ಹಿಡಿಯುತ್ತಿತ್ತು. ಹೆಂಡತಿ ಇದ್ದಷ್ಟು ದಿನ ಅದನ್ನು ಹಿಡಿದು ಛೇಡಿಸಿದ್ದಳು, ಆಮೇಲೆ ಛೇಡಿಸುವುದನ್ನೂ ಬಿಟ್ಟು ಹೊರಟುಹೋಗಿದ್ದಳು. ವೇದಿಕೆಯ ಮೇಲೆ ಅವನು ಅದನ್ನು ಅಡಗಿಸಿಟ್ಟುಕೊಳ್ಳುತ್ತಿದ್ದ. "ಕೇಳಿದಿರಾ?" ಎಂದ ಕ್ಷೌರದವನು, ಮತ್ತೆ ಕತ್ತಿ ಆಡಿಸುತ್ತ. "ಅಸಲಿ ಅಂದ್ರೆ ಇದು. ನೀವೆಷ್ಟೇ ತಿಪ್ಪರಲಾಗ ಹಾಕಿದ್ರೂ ಈ ಗತ್ತು ಬರಲ್ಲ ಬಿಡಿ. ಬೇಜಾರಾಗಬೇಡಿ ಮತ್ತೆ." ಅವನು ನೊರೆಯೊಳಗಿಂದ ನಕ್ಕ. ಬೇಜಾರಿಲ್ಲ ಎಂದು ಹೇಳಲು ಬಾಯಿ ತೆರೆದರೆ ಕತ್ತಿ ತಾಗುತ್ತಿತ್ತು.

ಕೆಲವು ತಿಂಗಳ ಹಿಂದೆ ಅವನ ದನಿ ಮುದ್ರಿಸಿಕೊಂಡಿದ್ದ, ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿದ ಆ ಕೋಣೆಯಲ್ಲಿ ಮಾತು ಬಾಯಿಂದ ಹೊರಬಿದ್ದ ತಕ್ಷಣ ಸತ್ತುಹೋಗುತ್ತಿತ್ತು. ಅಷ್ಟು ಮೆತ್ತಗಿನ ಮೌನವನ್ನು ಅವನು ಕೇಳಿರಲಿಲ್ಲ. ದೊಡ್ಡವರ ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಸಣ್ಣದೇನೋ ಗಂಟು, ಏನೂ ತೊಂದರೆ ಇಲ್ಲ ಎಂದು ಊರಿಗೆ ಹೇಳಿದ್ದರು. ಪ್ರಚಾರದ ಕಚೇರಿಯಿಂದ ಇವನನ್ನು ಕರೆಸಿದಾಗ, ದೊಡ್ಡವರ ಹಳೆಯ ಭಾಷಣಗಳಲ್ಲಿ ಗದ್ದಲ ಜಾಸ್ತಿ, ಚಪ್ಪಾಳೆ ಜಾಸ್ತಿ, ಅದನ್ನೆಲ್ಲ ಚೊಕ್ಕ ಮಾಡೋದಕ್ಕೆ ಒಂದು ಅಳತೆಯ ದನಿ ಬೇಕು, ಅಷ್ಟೇ ಎಂದಿದ್ದರು. ಹೇಳಿದವರು ಪ್ರಚಾರದ ಉಸ್ತುವಾರಿಯವರು. ಕುತ್ತಿಗೆ ನೋವಿಗೆ ಸದಾ ಒಂದು ಬಿಳಿ ಪಟ್ಟಿ ಕಟ್ಟಿಕೊಂಡಿರುತ್ತಿದ್ದ ಅವರು ಯಾರನ್ನಾದರೂ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು, ಹಾಗಾಗಿ ಅವರು ನೋಡಿದರೆಂದರೆ ಅದೊಂದು ಮರ್ಯಾದೆಯ ಹಾಗೆ ಕಾಣುತ್ತಿತ್ತು. ಅವನಿಗೆ ಬಿಸಿನೀರು ತಂದುಕೊಟ್ಟರು. ಸರ್ ಎಂದು ಕರೆದರು. ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಅರ್ಥವಿಲ್ಲದ ವಾಕ್ಯಗಳನ್ನು ದೊಡ್ಡವರ ದನಿಯಲ್ಲಿ ಓದುತ್ತ ಹೋದ: ಕಿಟಕಿಯ ಹೊರಗೆ ನೀಲಿ ಬಕೆಟ್ ಇದೆ; ನಾಳೆ ಅಥವಾ ನಾಡಿದ್ದು ಬಂದರೆ ಒಳ್ಳೆಯದು; ಹೌದೇ; ಹೌದು; ಹೌದಲ್ಲ. ಸಿಟ್ಟಿನಲ್ಲಿ ಓದಿ ಎಂದರು, ಓದಿದ. ನಗುತ್ತ ಓದಿ ಎಂದರು, ಓದಿದ. ಪ್ರೀತಿಯಲ್ಲಿ ಓದಿ ಎಂದಾಗ ಸಂಜೆಯಾಗಿತ್ತು, ಗಂಟಲು ಸೋತಿತ್ತು, ಅಡಗಿಸಿಟ್ಟಿದ್ದ ಗುಟುಕು ಜಾರಿ ಹೊರಬಂತು. ಗಾಜಿನ ಆಚೆ ಪಟ್ಟಿಯವರು ಹೆಬ್ಬೆರಳು ಎತ್ತಿ ತೋರಿಸಿದರು, ಚೆನ್ನಾಗಿದೆ, ಹಾಗೇ ಇರಲಿ ಎಂಬಂತೆ. ಅಳತೆಯ ದನಿಗೆ ಪ್ರೀತಿ ಯಾಕೆ ಬೇಕು ಎಂದು ಅವನು ಕೇಳಬಹುದಿತ್ತು. ಕೇಳಬೇಕು ಅನ್ನಿಸಿತ್ತು ಕೂಡ. ಬಿಸಿನೀರಿನ ಲೋಟ ಕೈಯಲ್ಲಿ ಬೆಚ್ಚಗಿತ್ತು.

ಕ್ಷೌರದಂಗಡಿಯಿಂದ ಅವನು ನೇರ ಅಕ್ಕನ ಅಂಗಡಿಯ ಕಡೆ ನಡೆದ. ಕೆನ್ನೆ ಉರಿಯುತ್ತಿತ್ತು. ದಾರಿಯಲ್ಲಿ ಫೋನ್ ಕಿವಿಗೆ ಹಿಡಿದು ನಗುತ್ತಿದ್ದ ಪ್ರತಿಯೊಬ್ಬರನ್ನು ಕಂಡಾಗಲೂ ಇವರ ಜೊತೆ ಮಾತಾಡುತ್ತಿರುವುದು ನಾನೇ ಇರಬಹುದು ಅನ್ನಿಸಿ ಮುಖ ತಿರುಗಿಸಿಕೊಂಡ. ಬಸ್ ನಿಲ್ದಾಣದ ಹಿಂಗೋಡೆಗೆ ಅಂಟಿಕೊಂಡಂತೆ ಒಂದು ಸಾಲು ಗೂಡಂಗಡಿಗಳು: ಬೀಗದ ಕೈ ಮಾಡುವವರದು, ಗಡಿಯಾರ ರಿಪೇರಿಯವರದು, ಕೊಡೆ ರಿಪೇರಿಯವರದು, ಕೊನೆಯಲ್ಲಿ ಅಕ್ಕನದು. ಹರಿದ ಬಟ್ಟೆಗೆ ಹೊಲಿಗೆ, ಕೆಟ್ಟ ಜಿಪ್ಪಿಗೆ ಹೊಸ ಜಿಪ್ಪು, ದೊಡ್ಡದಾದದ್ದನ್ನು ಚಿಕ್ಕದು ಮಾಡುವುದು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಮೇಲೆ ಆ ಹೊಲಿಗೆ ಯಂತ್ರದ ಬುಡದಲ್ಲೇ ಅವನು ಬೆಳೆದದ್ದು. ಅವಳ ಕಾಲು ತುಳಿಯುವ ಸದ್ದು ನಿಂತರೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಈಗ ನಿಲ್ದಾಣ ಅಗಲ ಮಾಡುವುದಕ್ಕೆ ಆ ಸಾಲನ್ನು ತೆಗೆಯುತ್ತಾರೆಂಬ ಮಾತು ಎದ್ದಿತ್ತು. ಮರುದಿನ ಪುರಸಭೆಯಲ್ಲಿ ಆಕ್ಷೇಪಣೆ ಕೇಳುವ ಸಭೆ. ಅಂಗಡಿಯವರು ಬಂದು ಬಾಯಿಬಿಟ್ಟು ಬೇಡ ಎಂದರೆ ಕೆಲಸ ನಿಲ್ಲಬೇಕು, ನಿಯಮ ಹಾಗಿತ್ತು. ಬೀಗದವರು ವಾರದಿಂದ ಎಲ್ಲರನ್ನೂ ಹುರಿದುಂಬಿಸುತ್ತ ಓಡಾಡಿದ್ದರು.

ಅಕ್ಕ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು. ಅವನನ್ನು ಕಂಡದ್ದೇ, "ಬಂದ್ಯಾ? ಪೋಣಿಸಿಕೊಡು. ನಾಳೆ ಯಾರೂ ಹೋಗ್ತಿಲ್ಲ ಕಣೋ, ಗೊತ್ತಾಯ್ತಾ?" ಎಂದಳು.

"ಎಲ್ಲಿಗೆ?"

"ಪುರಸಭೆಗೆ. ದೊಡ್ಡವರೇ ಫೋನ್ ಮಾಡಿದ್ರು. ನನಗೆ! ನಾನಿದ್ದೀನಲ್ಲ, ನೀವ್ಯಾಕೆ ಅಂಗಡಿ ಮುಚ್ಚಿ ಅಲೀತೀರಿ, ನಾನು ನೋಡ್ಕೋತೀನಿ ಅಂದ್ರು. ಬೀಗದವರಿಗೂ ಬಂತಂತೆ. ಎಲ್ಲರಿಗೂ ಬಂದಿದೆ." ಅವಳ ಮುಖದಲ್ಲಿ ಅವನು ಕಂಡರಿಯದ ಒಂದು ಕಳೆ ಇತ್ತು, ಯಾರೋ ತನ್ನ ಹೆಸರನ್ನು ಎಲ್ಲರ ಮುಂದೆ ಕೂಗಿ ಕರೆದ ಹುಡುಗಿಯ ಕಳೆ. "ದಿನವಿಡೀ ಸೂಜಿ ಕೆಲಸ, ಕಣ್ಣು ಹೇಗಿದೆಯಮ್ಮಾ ಅಂತ ಕೇಳಿದ್ರು ಕಣೋ. ಎಡಗಣ್ಣಿಗೆ ಮಂಜು ಕಟ್ಟಿದ ಹಾಗಾಗುತ್ತೆ ಅಂದೆ. ಎಷ್ಟು ಹೊತ್ತು ಕೇಳಿಸ್ಕೊಂಡ್ರು! ಇಷ್ಟು ವರ್ಷ ಬರೀ ಕೈ ಬೀಸೋದು ನೋಡಿದ್ದೆ. ಮನುಷ್ಯ ಒಳ್ಳೆಯವರು."

ದಾರ ಅವನ ಕೈಯಲ್ಲೂ ಸೂಜಿಯ ಕಣ್ಣಿಗೆ ಸಿಗಲಿಲ್ಲ. ಅವಳ ಎಡಗಣ್ಣಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ವಾರಕ್ಕೆರಡು ಸಲ ಬಂದು ಇದೇ ಮಣೆಯ ಮೇಲೆ ಕೂತು ಟೀ ಕುಡಿದು ಹೋಗುತ್ತಿದ್ದ, ಪ್ರತಿಸಲವೂ ದಾರ ಪೋಣಿಸಿ ಕೊಟ್ಟಿದ್ದ, ಯಾಕೆ ಎಂದು ಕೇಳಿರಲಿಲ್ಲ. "ಅಕ್ಕಾ," ಎಂದ, "ದೊಡ್ಡವರಿಗೆ ದನಿ ಇಲ್ಲ. ಆಪರೇಷನ್ ಆದಮೇಲೆ ಹೋಗಿಬಿಟ್ಟಿರಬೇಕು. ಫೋನಲ್ಲಿ ಮಾತಾಡ್ತಿರೋದು ಕಂಪ್ಯೂಟರ್."

"ಕಂಪ್ಯೂಟರ್ ನನ್ನ ಕಣ್ಣಿನ ವಿಷಯ ಯಾಕೆ ಕೇಳುತ್ತೋ?"

"ಅದಕ್ಕೆ ದನಿ ಕೊಟ್ಟಿದ್ದು ನಾನು."

ಅಕ್ಕ ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ನಗುತ್ತಲೇ ಪಕ್ಕದ ಗೂಡಿಗೆ ಕೇಳುವಂತೆ, "ಬೀಗದವರೇ, ಬನ್ನಿ ಇಲ್ಲಿ, ನಮಗೆಲ್ಲ ಫೋನ್ ಮಾಡಿದ್ದು ಇವನಂತೆ!" ಎಂದಳು. ಬೀಗದವರು ಬಂದರು, ಕೈಯಲ್ಲಿ ಅರ್ಧ ಉಜ್ಜಿದ ಬೀಗದ ಕೈ ಹಿಡಿದು. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಬಂದರು. ಅವನು ಎಲ್ಲವನ್ನೂ ಹೇಳಿದ, ಸ್ಪಂಜಿನ ಕೋಣೆ, ಪಟ್ಟಿಯವರು, ನೀಲಿ ಬಕೆಟ್ಟು. ಹೇಳುತ್ತ ಹೋದಂತೆ ತನ್ನ ಮಾತು ತನಗೇ ಕಟ್ಟುಕತೆಯಂತೆ ಕೇಳಿಸಿತು. "ಹಾಗಾದ್ರೆ ಮಾಡಿ ತೋರಿಸಪ್ಪಾ," ಎಂದರು ಬೀಗದವರು, ತಮಾಷೆಗಲ್ಲ, ನಿಜವಾಗಿ ಒರೆಹಚ್ಚಿ ನೋಡುವ ಮನಸ್ಸಿನಿಂದ. "ನನಗೆ ಅವರು ಹೇಳಿದ್ದನ್ನೇ ಹೇಳು. ನಾನಿದ್ದೀನಲ್ಲ, ನೀವ್ಯಾಕೆ ಅಲೀತೀರಿ."

ಅವನು ಎದ್ದು ನಿಂತ. ಎಷ್ಟು ಸಾವಿರ ಜನರ ಮುಂದೆ ನಿಂತಿದ್ದನೋ, ಆದರೆ ಈ ಮೂವರ ಮುಂದೆ ಹೊಲಿಗೆ ಯಂತ್ರದ ಅಂಚು ಹಿಡಿದುಕೊಂಡ. ನಾನಿದ್ದೀನಲ್ಲ ಎಂದ. ಬೆಳಗಿನಿಂದ ಒಣಗಿದ್ದ ಗಂಟಲು ಮಧ್ಯದಲ್ಲಿ ಸೀಳಿತು. ಇನ್ನೊಮ್ಮೆ ಎಂದ. ಸಿಟ್ಟು ಬೆರೆತು ದನಿ ಏರಿತು. ದೊಡ್ಡವರು ಸಿಟ್ಟಿನಲ್ಲಿ ದನಿ ಏರಿಸುವವರಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಗಡಿಯಾರದವರು ಮರುಕದಿಂದ ತಲೆಯಾಡಿಸಿದರು. "ಹತ್ತಿರ ಇದೆ," ಎಂದರು. "ಆದ್ರೆ ಅದಲ್ಲ. ನಿನಗೂ ವಯಸ್ಸಾಯ್ತಲ್ಲ." ಬೀಗದವರು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡು, ನೀನು ಕಲಾವಿದ, ಇಲ್ಲ ಅನ್ನಲ್ಲ. ಆದ್ರೆ ಅವರು ನನ್ನ ಮಗಳ ಪರೀಕ್ಷೆ ಹೇಗಾಯ್ತು ಅಂತ ಕೇಳಿದ್ರು. ನನ್ನ ಮಗಳಿಗೆ ಪರೀಕ್ಷೆ ಇತ್ತು ಅಂತ ನಿನಗೆ ಗೊತ್ತಿತ್ತಾ?" ಗೊತ್ತಿರಲಿಲ್ಲ. ಹಿಂದಿನ ಸಲ ಫೋನ್ ಬಂದಾಗ ನೀವೇ ಹೇಳಿರುತ್ತೀರಿ, ಅದು ನೆನಪಿಟ್ಟುಕೊಂಡಿರುತ್ತದೆ ಎಂದ. "ನೆನಪಿಟ್ಟುಕೊಂಡಿದ್ದಾರೆ, ಅಲ್ವಾ?" ಎಂದರು ಬೀಗದವರು, ಅವನು ತಮ್ಮ ಮಾತನ್ನೇ ಒಪ್ಪಿಕೊಂಡ ಹಾಗೆ. ಅವರು ತಮ್ಮ ತಮ್ಮ ಗೂಡಿಗೆ ಹೋದಮೇಲೆ ಅಕ್ಕ ಸಣ್ಣ ದನಿಯಲ್ಲಿ ಅಂದಳು: "ನಿನಗೆ ನೋವಾಗಲಿ ಅಂತ ನಗಲಿಲ್ಲ ಕಣೋ. ಒಂದು ಹೇಳಲಾ? ದೊಡ್ಡವರೂ ಮಾತಾಡ್ತಾ ನಿನ್ನ ಹಾಗೇ ಗುಟುಕು ನುಂಗ್ತಾರೆ. ನೀನು ಚಿಕ್ಕವನಿದ್ದಾಗ ಏನಾದ್ರೂ ಬೇಕು ಅಂತ ಕೇಳೋಕೆ ಬರ್ತಿದ್ಯಲ್ಲ, ಥೇಟ್ ಹಾಗೆ. ಅದು ಕೇಳಿಸಿದ್ಮೇಲೇ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು."

ಅಲ್ಲಿಂದೆದ್ದು ಅವನು ಹೋದ ಪ್ರಚಾರದ ಕಚೇರಿಯಲ್ಲಿ ಈಗ ಜನ ಕಡಿಮೆ ಇದ್ದರು. ಮೊದಲು ಚುನಾವಣೆ ಹತ್ತಿರ ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಭಿತ್ತಿಪತ್ರದ ಹಸಿ ಬಣ್ಣದ ವಾಸನೆ, ಕೂಗಾಟ, ಮೂಲೆಯಲ್ಲಿ ಮೈಕಿನ ಕೊಂಬುಗಳ ರಾಶಿ. ಆ ರಾಶಿಯೊಳಗೇ ಎಲ್ಲೋ ತನ್ನದೂ ಒಂದು ಜಾಗ ಇದೆ ಎಂದು ಅವನು ನೆಮ್ಮದಿಯಾಗಿದ್ದ. ಈಗ ಗೋಡೆ ಬಿಳಿ, ಮೇಜು ಬಿಳಿ, ಪರದೆಗಳ ಮುಂದೆ ಕೂತವರು ಯಾರೂ ತಲೆ ಎತ್ತಲಿಲ್ಲ. ಪಟ್ಟಿಯವರು ಇಡೀ ಮೈ ತಿರುಗಿಸಿ ಅವನನ್ನು ನೋಡಿದರು. ಕೂರಲು ಹೇಳಿದರು, ಆದರೆ ಈ ಸಲ ಸರ್ ಅನ್ನಲಿಲ್ಲ, ಅದನ್ನು ಗಮನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂಗಡಿಯವರಿಗೆ ಸಭೆಗೆ ಹೋಗಬೇಡಿ ಎಂದು ಹೇಳಿದ್ದು ಯಾರು ಎಂದು ಕೇಳಿದ. ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಾಗಿಲಲ್ಲೇ ಉದುರಿಹೋಗಿ, ವಿಚಾರಿಸುವವನ ದನಿ ಉಳಿದಿತ್ತು.

"ಯಾರೂ ಹೇಳಿಲ್ಲ," ಎಂದರು ಪಟ್ಟಿಯವರು. ಅವರ ಮುಖದಲ್ಲಿ ಕಪಟ ಕಾಣಲಿಲ್ಲ, ಬರೀ ದಣಿವಿತ್ತು. "ನಂಬಿ. ನಾವು ಕಂಪ್ಯೂಟರಿಗೆ ಹೇಳಿರೋದು ಇಷ್ಟೇ: ಯಾರಿಗೆ ಸಿಟ್ಟಿದೆಯೋ ಅವರಿಗೆ ಸಮಾಧಾನ ಹೇಳು. ಒಬ್ಬೊಬ್ಬರಿಗೂ ಅವರವರಿಗೆ ತಕ್ಕ ಹಾಗೆ ಅದು ತಾನೇ ಮಾತು ಹುಡುಕಿ ಹೇಳುತ್ತೆ. ಒಂದು ದಿನಕ್ಕೆ ಎಷ್ಟು ಮನೆಗೆ ಏನೇನು ಹೇಳಿತು ಅಂತ ಕೂತು ಕೇಳೋದಕ್ಕೆ ನಮ್ಮ ಆಯುಸ್ಸು ಸಾಲಲ್ಲ."

"ಈಗ ಫೋನ್ ಮಾಡಿ ಹೇಳಿಸಿ ಹಾಗಾದ್ರೆ. ನಾಳೆ ಹೋಗಿ ಅಂತ."

"ಹೋಗಿ ಅಂತ ಹೇಳಿಸಿದ್ರೆ ಮತ್ತೆ ಸಿಟ್ಟಾಗ್ತಾರಲ್ಲ?"

"ನನ್ನ ದನಿ ತೆಗೆದುಬಿಡಿ," ಎಂದ. "ನನಗೆ ಬೇಡ. ನನ್ನದು ನನಗೆ ಕೊಟ್ಟುಬಿಡಿ."

ಪಟ್ಟಿಯವರು ಮತ್ತೆ ಇಡೀ ಮೈಯನ್ನು ಅವನ ಕಡೆ ತಿರುಗಿಸಿದರು. "ಯಾವುದು ನಿಮ್ಮದು?" ಎಂದರು, ನೋಯಿಸುವ ಉದ್ದೇಶವೇ ಇಲ್ಲದೆ. "ಜೀವನಪೂರ್ತಿ ನೀವು ದೊಡ್ಡವರ ದನಿಯಲ್ಲಿ ಮಾತಾಡಿದ್ರಿ. ಆಗ ಅದು ನಿಮ್ಮದಾಗಿತ್ತಾ?" ಪಕ್ಕದ ಪರದೆಯ ಮುಂದೆ ಕೂತಿದ್ದ ಹೆಂಗಸು ಮೊದಲ ಬಾರಿಗೆ ತಲೆ ಎತ್ತಿದಳು, ಮತ್ತೆ ಬಗ್ಗಿಸಿದಳು. ಹೊರಗೆ ಬಂದಮೇಲೆ, ಮೆಟ್ಟಿಲ ಮೇಲೆ ನಿಂತು ಅವನು ತನ್ನ ಸ್ವಂತ ದನಿಯಲ್ಲಿ ಏನಾದರೂ ಹೇಳಿನೋಡಬೇಕೆಂದುಕೊಂಡ. ಹೇಳುವುದಕ್ಕೆ ಏನೂ ಇರಲಿಲ್ಲ. "ಹೌದೇ, ಹೌದು, ಹೌದಲ್ಲ" ಎಂದ. ಕೆಳಗೆ ಸೈಕಲ್ ನಿಲ್ಲಿಸುತ್ತಿದ್ದವನು ಏನು ಸ್ವಾಮಿ ಎಂದು ಕೇಳಿದ.

ಉಳಿದದ್ದು ದೊಡ್ಡವರೊಬ್ಬರೇ. ಹಿಂದೊಮ್ಮೆ, ಒಂದು ಸಭೆಯಲ್ಲಿ ಇವನು ಮೈಕಿನ ಮುಂದೆ ಇರುವಾಗಲೇ ಅವರು ಸದ್ದಿಲ್ಲದೆ ವೇದಿಕೆಯ ಹಿಂದೆ ಬಂದು ನಿಂತುಬಿಟ್ಟಿದ್ದರು. ಇಳಿಯುವಾಗ ಎದುರಾಗಿ, ಅವನ ಭುಜ ಹಿಡಿದು, "ನಾನು ಹೇಳಬೇಕು ಅಂದುಕೊಂಡಿದ್ದನ್ನೆಲ್ಲ ನೀನೇ ಹೇಳಿಬಿಟ್ಟೆಯಲ್ಲಯ್ಯಾ, ಈಗ ನಾನೇನು ಮಾಡಲಿ?" ಎಂದು ನಕ್ಕಿದ್ದರು. ಆ ಹಿಡಿತ ಇಂದಿಗೂ ಭುಜದ ಮೇಲಿತ್ತು. ದೊಡ್ಡವರ ಮನೆಯ ಗೇಟಿನಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ತಡೆಯುವಷ್ಟು ಜನವೇ ಅಲ್ಲಿ ಬರುತ್ತಿರಲಿಲ್ಲ ಈಗ. ಅವರ ಮಗಳು ಬಾಗಿಲು ತೆರೆದಳು. ಮೇಲುಗಡೆಯ ಬಿಸಿಲುಕೋಣೆಯಲ್ಲಿ ದೊಡ್ಡವರು ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು ಕೂತಿದ್ದರು. ಅಷ್ಟು ಅಗಲದ ಮನುಷ್ಯ ಕುರ್ಚಿಯ ಒಂದು ಮೂಲೆಗೆ ಸರಿದುಹೋದ ಹಾಗೆ ಕಂಡರು. ಅವನನ್ನು ಕಂಡು ಅವರ ಕಣ್ಣು ಅರಳಿತು, ತುಟಿ ಆಡಿತು. ಸದ್ದಿಲ್ಲ. ವಸ್ತ್ರದ ಕೆಳಗೆ ಎಲ್ಲೋ ಗಾಳಿ ಸೋರುವ ಸಪ್ಪಳ ಮಾತ್ರ.

ಅವನು ನೆಲದ ಮೇಲೆ ಕೂತು ಹೇಳಿದ, ಅಕ್ಕನ ಅಂಗಡಿ, ನಾಳೆಯ ಸಭೆ, ನಿಮ್ಮ ಮಾತು ನಂಬಿ ಯಾರೂ ಹೋಗುತ್ತಿಲ್ಲ, ನಿಮ್ಮಿಂದ ಒಂದು ಮಾತು, ಬರೆದುಕೊಟ್ಟರೂ ಸರಿ, ಒಂದೇ ಒಂದು ಮಾತು. ದೊಡ್ಡವರು ಕಿವಿಗೊಟ್ಟು ಕೇಳಿದರು. ಅವರ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಸಿಟ್ಟು ಬಂತು, ಹಳೆಯ ಸಿಟ್ಟೇ, ದನಿ ಇಳಿಸುವ ಸಿಟ್ಟು. ಆದರೆ ಇಳಿಸುವುದಕ್ಕೆ ದನಿ ಇರಲಿಲ್ಲ. ತುಟಿಗಳು ವೇಗವಾಗಿ ಆಡತೊಡಗಿದವು. ಅವನಿಗೆ ಅವರ ಮಾತಿನ ಏರು, ಇಳಿತ, ಎಲ್ಲಿ ನಿಲ್ಲುತ್ತಿದ್ದಾರೆ, ಎಲ್ಲಿ ಮುಗಿಸುತ್ತಿದ್ದಾರೆ, ಎಲ್ಲ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಏನು ಹೇಳುತ್ತಿದ್ದಾರೆ ಎಂಬುದೊಂದನ್ನು ಬಿಟ್ಟು. ಅಷ್ಟು ವರ್ಷ ಅವರ ದನಿಯನ್ನು ಹೊತ್ತು ತಿರುಗಿದವನಿಗೆ ಅವರ ಮನಸ್ಸಿನಲ್ಲಿ ಏನಿರಬಹುದೆಂದು ಊಹಿಸಲೂ ಬರಲಿಲ್ಲ. ತಡೆಯಿರಿ ಎಂದೋ, ನನ್ನನ್ನು ಬಿಟ್ಟುಬಿಡಿ ಎಂದೋ, ನೀನು ಯಾಕೆ ಒಪ್ಪಿಕೊಂಡೆ ಎಂದೋ. ಮಗಳು ಮೆಲ್ಲಗೆ ಒಂದು ಹಾಳೆ, ಪೆನ್ನು ತಂದಿಟ್ಟಳು. ದೊಡ್ಡವರ ಬಲಗೈ ಪೆನ್ನು ಹಿಡಿಯಿತು, ನಡುಗಿತು, ಹಾಳೆಯ ಮೇಲೆ ಒಂದು ಗೆರೆ ಎಳೆದು ಕೆಳಗೆ ಬಿತ್ತು. "ಆಪರೇಷನ್ ಆದಾಗಲೇ ಕೈಗೂ ಸ್ವಲ್ಪ ತೊಂದರೆ ಆಯ್ತು," ಎಂದಳು ಮಗಳು, ಹಾಳೆ ಎತ್ತಿಕೊಳ್ಳುತ್ತ. ಮೆಟ್ಟಿಲಿಳಿಯುವಾಗ ಅವಳು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು: "ಅಪ್ಪನಿಗೂ ಬರುತ್ತೆ ಫೋನು. ಅವರ ನಂಬರ್ ಕೂಡ ಮತದಾರರ ಪಟ್ಟಿಯಲ್ಲಿದೆಯಲ್ಲ. ಹೇಗಿದ್ದೀರಪ್ಪಾ, ಆರೋಗ್ಯ ಹೇಗಿದೆ, ನಿಮ್ಮ ವೋಟು ನನಗೇ ಹಾಕಬೇಕು ಅಂತ ಕೇಳುತ್ತೆ. ಅಪ್ಪ ಪೂರ್ತಿ ಕೇಳಿಸ್ಕೋತಾರೆ. ಕಟ್ ಮಾಡೋಕೆ ಬಿಡಲ್ಲ."

ಮರುದಿನ ಅವನು ಒಬ್ಬನೇ ಪುರಸಭೆಗೆ ಹೋದ. ಉದ್ದನೆಯ ಹಜಾರ, ಖಾಲಿ ಬೆಂಚುಗಳು, ಮೇಲೆ ಸುಮ್ಮನೆ ತಿರುಗುವ ಫ್ಯಾನು. ಮೇಜಿನ ಹಿಂದಿದ್ದ ಅಧಿಕಾರಿ ಗಡಿಯಾರ ನೋಡಿ, ಸಂಬಂಧಪಟ್ಟ ಅಂಗಡಿಯವರು ಯಾರಾದರೂ ಇದ್ದೀರಾ ಎಂದು ಖಾಲಿ ಬೆಂಚುಗಳನ್ನು ಕೇಳಿದರು. ಅವನು ಎದ್ದುನಿಂತ. "ನಿಮ್ಮದು ಯಾವ ಅಂಗಡಿ?" ನನ್ನದಲ್ಲ, ಅಕ್ಕನದು ಎಂದ. "ಅಕ್ಕ ಎಲ್ಲಿ?" ಬಂದಿಲ್ಲ. "ಅವರಿಗೆ ಆಕ್ಷೇಪಣೆ ಇದ್ರೆ ಅವರೇ ಬರಬೇಕಲ್ವೇನ್ರಿ?" ಅವನಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಸ್ವಂತ ದನಿಯಲ್ಲಿ ಅಷ್ಟು ಹೊತ್ತು ಮಾತಾಡಿ ಅಭ್ಯಾಸವೇ ಇರಲಿಲ್ಲ ಅವನಿಗೆ. ಎರಡು ಮಾತಿಗೆ ತೊದಲಿತು, ನಾಲ್ಕನೆಯದಕ್ಕೆ ಕಾಲು ಜಾರಿದವನು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ ನಾಲಿಗೆ ತಾನಾಗಿ ದೊಡ್ಡವರ ದನಿಯನ್ನು ಹಿಡಿದುಕೊಂಡಿತು. ಈ ಸಲ ಅದು ಎಲ್ಲೂ ಸೀಳಲಿಲ್ಲ, ತುಂಬಿಕೊಂಡು ಬಂತು. "ಬಡವರ ಗೂಡು ಕೆಡವಿ ನೀವು ನಿಲ್ದಾಣ ಅಗಲ ಮಾಡ್ತೀರಿ, ಏನಂತೀರಿ?" ಎಂದಿತು. ಅಧಿಕಾರಿ ಬೆಚ್ಚಿ ತಲೆಯೆತ್ತಿದರು, ಮರುಕ್ಷಣ ಮುಖ ಸಡಿಲವಾಗಿ ಗಟ್ಟಿಯಾಗಿ ನಕ್ಕರು. "ಅಯ್ಯೋ, ನೀವು ಚಿಕ್ಕವರಲ್ವಾ! ನಮ್ಮ ಮನೇಲಿ ಎಲ್ಲರೂ ನಿಮ್ಮ ಅಭಿಮಾನಿಗಳು. ಇನ್ನೊಂದ್ಸಲ ಮಾಡಿ." ಬಾಗಿಲಲ್ಲಿ ನಿಂತಿದ್ದ ಜವಾನನನ್ನೂ ಒಳಗೆ ಕರೆದರು. ಅವನು ಮಾಡಿದ. ಯಾಕೆ ಮಾಡಿದೆ ಎಂದು ಆಮೇಲೆ ಎಷ್ಟು ಕೆದಕಿಕೊಂಡರೂ ಗೊತ್ತಾಗಲಿಲ್ಲ. ಮಾಡಿ ಎಂದರು, ಮಾಡಿದ. ಆಕ್ಷೇಪಣೆ ಯಾವುದೂ ಇಲ್ಲ ಎಂದು ಬರೆದುಕೊಂಡು ಅಧಿಕಾರಿ ಎದ್ದರು, ಹೋಗುವಾಗ ಅವನ ಕೈ ಕುಲುಕಿದರು.

ಸಾಲು ಕೆಡವಿದ್ದು ಒಂದು ಬೆಳಿಗ್ಗೆ, ನಿಲ್ದಾಣಕ್ಕೆ ಬಸ್ಸುಗಳು ಎಂದಿನಂತೆ ಬಂದು ಹೋಗುತ್ತಿರುವಾಗ. ಯಂತ್ರಕ್ಕೆ ಅದು ದೊಡ್ಡ ಕೆಲಸವೇ ಆಗಿರಲಿಲ್ಲ. ಗಡಿಯಾರದವರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಯಾರ ಜೊತೆಗೂ ಮಾತಾಡದೆ ನಡೆದುಹೋದರು. ಬೀಗದವರು ಯಾರ್ಯಾರದೋ ಬಾಗಿಲಿನ ಬೀಗದ ಕೈಗಳನ್ನು ಮಣ್ಣಿನಿಂದ ಹೆಕ್ಕುತ್ತಿದ್ದರು. ಅವನು ಹತ್ತಿರ ಹೋದಾಗ ತಲೆ ಎತ್ತಿ, "ದೊಡ್ಡವರಿಗೆ ಇದು ಗೊತ್ತಿಲ್ಲ, ಗೊತ್ತಿದ್ರೆ ಬಿಡ್ತಿರಲಿಲ್ಲ" ಎಂದರು. ನೀನು ಹೇಳಿದ್ದೆ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಒಂದು ಬಗೆಯ ಬಿಡುಗಡೆ ಸಿಗುತ್ತಿತ್ತೇನೋ. ಅಕ್ಕನ ಹೊಲಿಗೆ ಯಂತ್ರವನ್ನು ಅವನೇ ಎತ್ತಿಕೊಂಡು ರಸ್ತೆಯ ಆಚೆ ಬದಿಗೆ, ಮುಚ್ಚಿದ ಒಂದು ಮಳಿಗೆಯ ಮೆಟ್ಟಿಲ ಮೇಲೆ ಇಟ್ಟ. ಅವಳು ಅದರ ಪಕ್ಕದಲ್ಲಿ ಕೂತಳು. ಕಣ್ಣಿನಲ್ಲಿ ನೀರಿರಲಿಲ್ಲ. ಸೀರೆಗೆ ಮೆತ್ತಿದ್ದ ಸುಣ್ಣದ ಧೂಳನ್ನು ಕೊಡವುತ್ತ, ಕೊಡವಿದ ಜಾಗವನ್ನೇ ಮತ್ತೆ ಮತ್ತೆ ಕೊಡವುತ್ತ ಕೂತಳು. ಅವನೂ ಕೂತ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಅಕ್ಕರೆಯ ಮಾತು ಬರುವ ಆ ದಾರಿಯಲ್ಲಿ ಗಂಟಲು ಎಂದಿನಂತೆ ಹಿಡಿಯಿತು, ಅವನು ನುಂಗಿಕೊಂಡ, ಮಾತು ಬರಲಿಲ್ಲ.

"ನೀನು ಹೇಳಿದ್ದು ನಿಜವೇ ಇರಬೇಕು," ಎಂದಳು ಅಕ್ಕ, ಎದುರಿನ ಬಯಲನ್ನು ನೋಡುತ್ತ. "ಆವತ್ತು ಮಲಗಿದ ಮೇಲೆ ಯೋಚನೆ ಮಾಡಿದೆ. ನಿನ್ನದೇ ಅದು. ನನಗೆ ಗೊತ್ತಾಗದೆ ಇರುತ್ತೇನೋ, ಮಡಿಲಿಗೆ ಹಾಕಿಕೊಂಡು ಸಾಕಿದೋಳು ನಾನು."

"ಮತ್ತೆ ಯಾಕೆ ಹೋಗಲಿಲ್ಲ ಅಕ್ಕಾ ಸಭೆಗೆ?"

"ಹೋಗಬೇಡಿ, ನಾನು ನೋಡ್ಕೋತೀನಿ ಅಂತ ಒಬ್ಬರು ಹೇಳಿದ್ರಲ್ಲೋ," ಎಂದಳು. "ಯಾರು ಅನ್ನೋದನ್ನ ಕಟ್ಕೊಂಡು ಏನಾಗಬೇಕು. ಹಾಗೆ ಅನ್ನಿಸ್ಕೊಂಡು ಎಷ್ಟು ಕಾಲ ಆಗಿತ್ತೋ. ನೀನು ಆ ದನೀಲಿ ಯಾವತ್ತಾದ್ರೂ ನನ್ನ ಜೊತೆ ಮಾತಾಡಿದ್ಯಾ, ಹೇಳು."

ಅವಳು ಚೀಲದಿಂದ ಫೋನ್ ತೆಗೆದಳು. ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರ ಹಿಡಿದು, ಬಂದಿದ್ದ ನಂಬರನ್ನು ಹುಡುಕಿ ಒತ್ತಿದಳು. ಬೇಡ ಎನ್ನಲು ಅವನ ಕೈ ಮುಂದೆ ಬಂತು, ಅರ್ಧದಲ್ಲೇ ನಿಂತಿತು. ಆಚೆಯಿಂದ ಅವಳ ಹೆಸರು ಹಿಡಿದು ಕರೆದದ್ದು ಅವನಿಗೂ ಕೇಳಿಸಿತು. "ಅಂಗಡಿ ಹೋಯ್ತು ದೊಡ್ಡವರೇ," ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳ ಗದ್ದ ನಡುಗಿತು. "ಎಲ್ಲ ಕೆಡವಿಬಿಟ್ರು." ಆಚೆಯ ದನಿ ಅವಸರ ಮಾಡಲಿಲ್ಲ. ಅವಳಿಗೆ ಅಳಲು ಬೇಕಾದಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ, ಅಳಬೇಡಮ್ಮಾ ಎಂದಿತು. ಗೊತ್ತು ಎಂದಿತು. ಏನು ಹೇಳಿದರೂ ಕಡಿಮೆಯೇ ಎಂದಿತು. ಕಣ್ಣಿಗೆ ಧೂಳು ಹೋಗಿರುತ್ತೆ, ಒರಸಿಕೋ, ಎಡಗಣ್ಣು ಜೋಪಾನ ಎಂದಿತು. ಅವಳು ಸೆರಗಿನ ತುದಿಯಿಂದ ಒರಸಿಕೊಂಡಳು. ಅವನಿಗೆ ಇನ್ನು ತಡೆಯಲಾಗಲಿಲ್ಲ. ಅವಳ ಮೊಣಕೈ ಹಿಡಿದು, "ಅಕ್ಕಾ, ನಾನಿಲ್ಲೇ ಇದ್ದೀನಿ. ಇಲ್ಲಿ ನೋಡು. ಅಕ್ಕಾ," ಎಂದ.

"ಸುಮ್ನಿರೋ," ಎಂದಳು ಅವಳು, ಅವನ ಕಡೆ ತಿರುಗದೆ. "ಅವರು ಮಾತಾಡ್ತಿದ್ದಾರೆ."

ಮೊಣಕೈ ಬಿಡಿಸಿಕೊಂಡು, ಫೋನನ್ನು ಆಚೆ ಕಿವಿಗೆ ಬದಲಾಯಿಸಿಕೊಂಡಳು.